ಗಾಳಿಯ ಬಾಯಿ ಕಟ್ಟಿದ್ದು

ಮಂಗಳಗೌರಿಯನ್ನು ಮೊದಲ ಸಲ ನೋಡಿದವರು ಜಗಳಗಂಟಿ ಅಂದುಕೊಳ್ಳುತ್ತಾರೆ. ಹುಬ್ಬು ಯಾವಾಗಲೂ ಗಂಟು. ಅದು ಸಿಟ್ಟಲ್ಲ, ಶಾಖ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿರುವ ನಮ್ಮ ಲಾಂಡ್ರಿಯಲ್ಲಿ ಗ್ಯಾಸಿನ ಡ್ರೈಯರ್ ಮುಂದೆ ವರ್ಷಗಟ್ಟಲೆ ನಿಂತವಳ ಮುಖ ಇನ್ನು ಹೇಗಿರಬೇಕು? ನಾನು ಅವಳ ಪಕ್ಕದ ಮೇಜಿನಲ್ಲಿ ಬಟ್ಟೆ ಮಡಿಸುವವಳು. ಬಂಡೀಪುರದ ಕಡೆಯ ರೆಸಾರ್ಟುಗಳ ಹಾಸು, ಹೊದಿಕೆ, ಟವೆಲ್ಲು ನಮ್ಮಲ್ಲಿಗೆ ಬರುತ್ತವೆ. ಅವಳು ಒಣಗಿಸುತ್ತಾಳೆ, ನಾನು ಮಡಿಸುತ್ತೇನೆ. ಕಾಡು ನೋಡಲು ಬಂದವರಿಗೆ ಮಲಗಲು ಮಾತ್ರ ಹಾಲಿನಂಥ ಬಿಳಿ ಹಾಸಿಗೆಯೇ ಆಗಬೇಕು.

ಇದಕ್ಕೆ ಮುಂಚೆ ಅವಳು ಉಡಿಗಾಲದಲ್ಲಿ ಕಂಡವರ ಅರಿಸಿನದ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಕರೆದರೆ ಕೆಲಸ, ಕರೆಯದಿದ್ದರೆ ಇಲ್ಲ. ಗಂಡ ತೀರಿಕೊಂಡ ಮೇಲೆ ಗುಂಡ್ಲುಪೇಟೆಗೆ ಬಂದು ಈ ಕೆಲಸ ಹಿಡಿದಳು. "ನಮ್ಮನೇಲಿ ತಿಂಗ್ಳು ಸಂಬ್ಳ ಅಂತ ಕಂಡೋಳು ನಾನೇ ಮೊದ್ಲು ಕಣಮ್ಮಿ" ಎಂದು ನನಗೆ ಎಷ್ಟು ಸಲ ಹೇಳಿದ್ದಾಳೋ. ಕೆಲಸ ಹೋಗುವುದೆಂದರೆ ಅವಳಿಗೆ ಮತ್ತೆ ಯಾರದೋ ಹೊಲದ ಬದುವಿನ ಮೇಲೆ ಕರೆಯುವುದನ್ನೇ ಕಾದು ನಿಲ್ಲುವುದು. ಆ ಭಯ ಅವಳನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಈ ಓಣಂ ರಜೆಯಲ್ಲಿ ರೆಸಾರ್ಟುಗಳಲ್ಲಿ ಕೇರಳದ ಜನ ತುಂಬಿಕೊಂಡಿದ್ದಾಗ ಡ್ರೈಯರ್ ತೊಂದರೆ ಕೊಡಲು ಶುರುಮಾಡಿತು. ಶಾಖ ಅತಿಯಾದರೆ ಗ್ಯಾಸನ್ನು ತಾನೇ ನಿಲ್ಲಿಸುವ ಒಂದು ಸಣ್ಣ ಸ್ವಿಚ್ಚು ಅದರ ಬೆನ್ನಿನಲ್ಲಿದೆ. ನಾವು ಅದನ್ನು ಹೀಟ್ ಕಟ್ ಅನ್ನುತ್ತೇವೆ. ಅದು ಪದೇಪದೇ ಬೀಳತೊಡಗಿತು. ಮಾಲೀಕ ಮಹದೇವಸ್ವಾಮಿ ಮೈಸೂರಿನ ಮೆಕ್ಯಾನಿಕ್ ಚಂದ್ರಕುಮಾರನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಅದು ಗಾಳಿ ತೊಂದ್ರೆ ಸಾರ್" ಎಂದ ಚಂದ್ರಕುಮಾರ. "ಗಾಳಿ ಒಳಗೇ ಸೇರ್ಕೊಂಡಿದೆ. ತಾರಸಿ ಪೈಪು ನೋಡ್ಬೇಕು. ಎರಡು ದಿನ ಬಿಟ್ಟು ಬರ್ತೀನಿ."

ಅಲ್ಲೇ ಸ್ಟೂಲಿನ ಮೇಲೆ ಮಾಲೀಕನ ತಾಯಿ ದೊಡ್ಡಮಾದಮ್ಮ ಎಲೆ ಅಡಿಕೆ ಹಾಕುತ್ತಾ ಕೂತಿದ್ದಳು. ಮನೆ ಲಾಂಡ್ರಿಯ ಹಿಂದೆಯೇ. ತಾರಸಿಯಲ್ಲಿ ಅವಳ ಮೆಣಸಿನಕಾಯಿ ಒಣಗುತ್ತಿರುತ್ತದೆ. ಮಾತು ಕೇಳಿ ಎರಡು ಸಲ "ಅಯ್ಯೋ ಮಾದಪ್ಪ" ಅಂದಳು. ನಾವ್ಯಾರೂ ಗಮನ ಕೊಡಲಿಲ್ಲ.

ಮಹದೇವಸ್ವಾಮಿ ಫೋನಿಟ್ಟವನೇ ಗೌರಿಯ ಮೇಲೆ ತಿರುಗಿದ. "ಜಾಲ್ರಿ ಕ್ಲೀನ್ ಮಾಡಾಕಿಲ್ಲ ನೀನು. ಅದ್ಕೇ ಹಿಂಗೆ."

ಬಟ್ಟೆ ಉದುರಿಸುವ ಹತ್ತಿಧೂಳನ್ನು ಹಿಡಿಯುವ ಆ ಜಾಲರಿಯನ್ನು ಅವಳು ಪ್ರತಿ ಸಲ ತೆಗೆದು ಕೊಡವುತ್ತಾಳೆ. ನಾನು ಕಣ್ಣಾರೆ ಕಂಡವಳು. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ ತಲೆ ತಗ್ಗಿಸಿ, "ಇನ್ನೊಂದು ದಪ ತೊಳೀತೀನಿ ಬುಡಿ ಅಣ್ಣ" ಅಂದಳು.

ಮಾರನೆಯ ದಿನ ಕಾಟ ಇಮ್ಮಡಿಯಾಯಿತು. ಸ್ವಿಚ್ಚು ಒತ್ತಿ ಮತ್ತೆ ಹಚ್ಚಿದರೆ ಬಟ್ಟೆ ಬೆಚ್ಚಗಾಗುವಷ್ಟರಲ್ಲಿ ಬೀಳುತ್ತಿತ್ತು. ಒಂದು ಹೊದಿಕೆಯ ಅಂಚು ಕಂದಿ ಬಂತು. ಮಹದೇವಸ್ವಾಮಿ ಅದನ್ನು ಅವಳ ಮುಖದ ಮುಂದೆ ಹಿಡಿದ.

"ಇನ್ನೊಂದು ಇಂಗಾದ್ರೆ ನೀನು ಬರೋದೇ ಬ್ಯಾಡ. ಉಡಿಗಾಲಕ್ಕೇ ಓಗು."

 ಅತ್ತ ರೆಸಾರ್ಟಿನಿಂದ ಫೋನಿನ ಮೇಲೆ ಫೋನು. ರಾತ್ರಿ ಕಾಡಿನ ರಸ್ತೆ ಮುಚ್ಚುತ್ತದೆ, ವ್ಯಾನು ಸಂಜೆಯೊಳಗೆ ಹೊರಡಲೇಬೇಕು. ಮಹದೇವಸ್ವಾಮಿ ಸ್ಕ್ರೂಡ್ರೈವರ್ ಹಿಡಿದು ಯಂತ್ರದ ಹಿಂದೆ ಹೋದ. ಹೊಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೈಕೊಟ್ಟರೆ ಎರಡು ಕಡೆಗೂ ಒಂದು ತುಂಡು ತಂತಿ ಸಿಕ್ಕಿಸಿ ನೀರು ಹಾಯಿಸಿ ಅಭ್ಯಾಸವಾದ ಕೈ. ಹೀಟ್ ಕಟ್ ಬಿದ್ದರೂ ಗ್ಯಾಸು ನಿಲ್ಲದಂತೆ ಅದಕ್ಕೂ ಹಾಗೇ ತಂತಿ ಸಿಕ್ಕಿಸಿಬಿಟ್ಟ.

"ಇನ್ನು ಅದೆಂಗೆ ನಿಂತದೋ ನೋಡ್ತೀನಿ" ಎಂದ.

"ಅಣ್ಣ, ಬ್ಯಾಡ ಕಣಣ್ಣ. ಅದು ಬೀಳೋದು ನಮ್ಮನ್ನ ಉಳುಸಕ್ಕೆ" ಎಂದಳು ಗೌರಿ.

"ಟವಲ್ ತುಂಬು."

ತುಂಬಿದಳು. ತುಂಬದೆ ಏನು ಮಾಡಿಯಾಳು?  ಅವನೇ ಬಟನ್ ಒತ್ತಿದ. ಡ್ರಮ್ಮು ತಿರುಗಿತು, ಈ ಸಲ ನಿಲ್ಲಲಿಲ್ಲ. ಅವನ ಮುಖದಲ್ಲಿ ಗೆದ್ದ ನಗು. ನಾನು ಮಡಿಸುತ್ತಾ ಮಡಿಸುತ್ತಾ ಮೂಗರಳಿಸಿದೆ. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಮರೆತಂಥ ವಾಸನೆ. ಡ್ರೈಯರಿನ ಬಾಗಿಲ ಸಂದಿಯಿಂದ ಹೊಗೆಯ ಎಳೆಯೊಂದು ಬಂತು, ಬರಬರುತ್ತಾ ದಪ್ಪವಾಯಿತು.

"ನನ್ನ ಟವಲ್!" ಎಂದು ಮಹದೇವಸ್ವಾಮಿ ಬಾಗಿಲಿನ ಹಿಡಿಗೆ ಕೈ ಹಾಕಿದ.

ಗೌರಿ ಅವನನ್ನು ದೂಡಿದಳು. ಸಂಬಳ ಕೊಡುವ ಮಾಲೀಕನನ್ನು ಎರಡೂ ಕೈಯಿಂದ ದೂಡಿದಳು. "ಬಾಗ್ಲು ತೆಗೀಬ್ಯಾಡಿ! ಗಾಳಿ ಸಿಕ್ಕುದ್ರೆ ದಗ್ ಅಂತ ಅತ್ಕತದೆ!" ಗೋಡೆಯ ಮೇಲಿನ ಗ್ಯಾಸಿನ ಕಾಕ್ ತಿರುಗಿಸಿ ಬಂದ್ ಮಾಡಿದಳು, ಮೇನ್ ಸ್ವಿಚ್ ಇಳಿಸಿದಳು. "ಎಲ್ರೂ ಆಚೆಗೋಗಿ!"

ನಾವು ರಸ್ತೆಯಲ್ಲಿ ನಿಂತೆವು. ಅವಳು ಹೊಸ್ತಿಲ ಮೇಲೆ ನಿಂತು, ಮತ್ತೆ ಒಳಗೆ ಓಡದಂತೆ ಮಹದೇವಸ್ವಾಮಿಗೆ ಕೈ ಅಡ್ಡ ಹಿಡಿದಿದ್ದಳು. ಡ್ರೈಯರ್ ಬಾಗಿಲಿನ ಗಾಜಿನೊಳಗೆ ಹೊಗೆ ಸುತ್ತುತ್ತಿತ್ತು. ಅದರ ಹಿಂದೆ ಕೆಂಪಗೇನಾದರೂ ಕಾಣುತ್ತದೋ ಎಂದು ನಾನು ನೋಡುತ್ತಲೇ ಇದ್ದೆ. ಗೋಡೆಯಾಚೆ ಸಿಲಿಂಡರ್‌ಗಳ ಸಾಲಿದೆ.  ಕೆಂಪು ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಹೊಗೆ ತೆಳುವಾಯಿತು. ಟವೆಲ್ಲು ಸುಟ್ಟಿದ್ದವು, ನಾವು ಉಳಿದಿದ್ದೆವು.

ಗೌರಿ ಯಾರನ್ನೂ ಕೇಳದೆ ತಾರಸಿಗೆ ಹತ್ತಿದಳು. ನಾನೂ ಹಿಂದೆಯೇ ಹೋದೆ. ಬಿಸಿಗಾಳಿ ಹೊರಬರುವ ಪೈಪಿನ ಬಾಯಿಗೆ ಹೊಸ ಕೆಂಪು ಬಟ್ಟೆ ಹೊದಿಸಿ, ಹುರಿಹಗ್ಗದಿಂದ ಬಿಗಿಯಾಗಿ ಕಟ್ಟಿತ್ತು. ಮೇಲೆ ಬೇವಿನ ಸೊಪ್ಪು, ಒಂದು ನಿಂಬೆಹಣ್ಣು, ವಿಭೂತಿ. ಬಿಚ್ಚಿದರೆ ಒಳಗೆ ಜಾಲರಿ ದಾಟಿ ಬಂದ ಹತ್ತಿಧೂಳು ದಿಂಬಿನಂತೆ ಒತ್ತಿ ಕೂತಿತ್ತು.

ಮೆಣಸಿನಕಾಯಿ ಹರವಿದ್ದ ಚಾಪೆಯ ಪಕ್ಕದಲ್ಲಿ ದೊಡ್ಡಮಾದಮ್ಮ ನಿಂತಿದ್ದಳು.

"ಯಾಕಮ್ಮಿ ಬಿಚ್ಚುದೆ? ಆ ಮೈಸೂರೋನು ಏಳ್ಲಿಲ್ವಾ, ಗಾಳಿ ಸೇರ್ಕಂಡದೆ, ತಾರ್ಸಿ ಪೈಪು ನೋಡ್ಬೇಕು ಅಂತ? ಆ ದೆವ್ವದ ಗಾಳಿ ಬರೋ ಬಾಯಿ ಕಟ್ಬುಟ್ಟೆ. ಮಿಷನ್ ಕೆಟ್ರೆ ನನ್ ಮಗ ನಿನ್ನೇ ಅಲ್ವಾ ಕಳ್ಸೋದು? ಮಾದಪ್ಪನ ಹೆಸ್ರೇಳಿ ನಿನ್ ಹೆಸ್ರಲ್ಲೇ ಕಟ್ದೆ ಕಣಮ್ಮಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೌರಿ ಕೆಂಪು ಬಟ್ಟೆಯನ್ನು ಉಂಡೆ ಮಾಡಿ ಸೆರಗಿನೊಳಗೆ ಮುಚ್ಚಿಕೊಂಡಳು. ಮಹದೇವಸ್ವಾಮಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುತ್ತಿದ್ದ.

"ಏನಿತ್ತು?"

"ಯಾವ್ದೋ ಬಟ್ಟೆ ಆರ್ಬಂದು ಸಿಕ್ಕಾಕಂಡಿತ್ತು ಅಣ್ಣ" ಎಂದಳು ಗೌರಿ. "ನಾನೇ ಅತ್ತಿ ನೋಡ್ಬೇಕಿತ್ತು."

"ಗೊತ್ತಿತ್ತು ನಂಗೆ, ನಿನ್ದೇ ತೆಪ್ಪು ಅಂತ. ನಾಳಿಂದ ಬರಬ್ಯಾಡ."

ನಾನು ಬಾಯಿ ತೆರೆಯುವುದರೊಳಗೆ ಮುದುಕಿ ಮುಂದೆ ಬಂದು ಗೌರಿಯ ಸೆರಗಿನಿಂದ ಆ ಉಂಡೆಯನ್ನು ಕಿತ್ತು ಮಗನ ಎದೆಗೆ ಎಸೆದಳು.

"ನಾನು ಕಟ್ಟಿದ್ದು ಕಣ್ಲಾ ಮಾದೇವ! ಗಾಳಿ ಅಂದ್ರೆ ನಂಗೆ ಯಾವ್ ಗಾಳಿ ಅಂತ ಗೊತ್ತಾದದೇನ್ಲಾ? ಕಳ್ಸಂಗಿದ್ರೆ ಮೊದ್ಲು ನನ್ ಕಳ್ಸು."

ಅವನು ಬಟ್ಟೆ ನೋಡಿದ, ತಾಯಿಯನ್ನು ನೋಡಿದ. ಮುಖ ಸಣ್ಣದಾಯಿತು. ಆಮೇಲೆ ಪೈಪಿನ ಕಡೆ ತಿರುಗಿ, "ನಾಳೆ ಬೇಗ್ನೆ ಬಾ ಗೌರಿ, ಪೈಪೆಲ್ಲ ತೊಳುಸ್ಬೇಕು" ಎಂದ, ಏನೂ ಆಗಿಲ್ಲವೇನೋ ಎಂಬಂತೆ.

ಇಷ್ಟೂ ದಿನ "ಬುಡಿ ಅಣ್ಣ" ಅಂದುಕೊಂಡೇ ಬಂದವಳು ಅವಳು. ಕೆಲಸ ಉಳಿಯಿತಲ್ಲ, ಕಣ್ಣೊರೆಸಿಕೊಂಡು ಕೆಳಗಿಳಿಯುತ್ತಾಳೆ ಎಂದೇ ನಾನು ಎಣಿಸಿದ್ದೆ. ಅವಳು ಕದಲಲಿಲ್ಲ.

"ಅವ್ವ ಕಟ್ಟಿದ್ದಕ್ಕೆ ಮಿಷನ್ ಇನ್ನೂ ಬೇಗ ನಿಂತ್ಕತಿತ್ತು, ಅಷ್ಟೆ. ಬೆಂಕಿ ತಂದಿದ್ದು ನೀವು ಆಕಿದ್ ತಂತಿ. ಅದುನ್ನ ತೆಗ್ದು ನನ್ ಕೈಗೆ ಕೊಡಿ. ಅಲ್ಲೀಗಂಟ ನಾನು ಬರಾಕಿಲ್ಲ."

ದೊಡ್ಡಮಾದಮ್ಮ ಮೆಣಸಿನಕಾಯಿ ಚಾಪೆಯ ಮೇಲೆ ಕೂತು ಮಗನನ್ನೇ ನೋಡುತ್ತಿದ್ದಳು. ಮಹದೇವಸ್ವಾಮಿ ಜೇಬು ತಡಕಿ ಸ್ಕ್ರೂಡ್ರೈವರ್ ತೆಗೆದು ಕೆಳಗೆ ಇಳಿದು ಹೋದ.  ಗೌರಿ ನನ್ನ ಪಕ್ಕದಲ್ಲಿ ಕೂತು, ತಂತಿ ಬರುವುದನ್ನು ಕಾದಳು.