ಇಬ್ಬರು ಬೀಗತಿಯರು, ಒಂದೇ ಕ್ಯಾಬಿನ್

ಕಳೆದ ತಿಂಗಳು ಪುಣೆಯ ಪರ್ವತಿ ಗುಡ್ಡದ ನಡುಮೆಟ್ಟಿಲುಗಳ ಮೇಲೆ ಇಬ್ಬರು ಹೆಂಗಸರು ಒಂದೇ ಗಳಿಗೆಯಲ್ಲಿ ಮೊಣಕಾಲು ಹಿಡಿದುಕೊಂಡು ಕುಳಿತುಬಿಟ್ಟರು. ಒಬ್ಬರು ಎಡಗಾಲು, ಇನ್ನೊಬ್ಬರು ಬಲಗಾಲು. ಇಬ್ಬರ ಮುಖದಲ್ಲೂ ನೋವಿತ್ತು. ಮೊಣಕಾಲಿನಲ್ಲಿ ಮಾತ್ರ ಇರಲಿಲ್ಲ.

ಒಬ್ಬಳು ನಾನು. ಇನ್ನೊಬ್ಬರು ನನ್ನ ಬೀಗತಿ, ಅಂದರೆ ನನ್ನ ಮಗಳು ಸುಮಾಳ ಅತ್ತೆ, ಮುಧೋಳದ ಶಾಂತವ್ವನವರು.

ಈ ಅಂಕಣವನ್ನು ನನ್ನ ಮೊಮ್ಮಕ್ಕಳು ಮುಂದೆಂದಾದರೂ ಓದಲಿ ಎಂದೇ ಬರೆಯುತ್ತೇನೆ, ಅದು ನಿಮಗೆ ಗೊತ್ತು. (ಪಲ್ಲವಿ, ರೋಹನ, ಇದು ನಿಮ್ಮ ಇಬ್ಬರು ಅಜ್ಜಿಯರ ಮರ್ಯಾದೆಯ ಪ್ರಶ್ನೆ. ನಗುವುದಾದರೆ ಮೆಲ್ಲಗೆ ನಗಿ.)

ಆದದ್ದು ಇಷ್ಟು. ಅಳಿಯ ಗಿರೀಶರು ಡಿಸೆಂಬರ್ ರಜೆಗೆ ಕ್ರೂಸ್ ಬುಕ್ ಮಾಡಿದರು. ಮುಂಬೈಯಲ್ಲಿ ಹಡಗು ಹತ್ತುವುದು, ಮೂರು ರಾತ್ರಿ ಸಮುದ್ರದ ಮೇಲೆ, ಮತ್ತೆ ಮುಂಬೈ. ಅವರೆಲ್ಲ ಹುಬ್ಬಳ್ಳಿಯಿಂದ ರೈಲಿನಲ್ಲಿ ಬೆಳಿಗ್ಗೆ ಪುಣೆಗೆ ಬಂದು, ಬಿಬವೇವಾಡಿಯ ನನ್ನ ಮಗನ ಮನೆಯಲ್ಲಿ ಹಗಲು ಕಳೆದು, ಸಂಜೆ ನನ್ನನ್ನೂ ಕಟ್ಟಿಕೊಂಡು ಗಾಡಿಯಲ್ಲಿ ಮುಂಬೈಗೆ ಹೋಗುವುದು. ಮೊದಲು ಖುಷಿಯೇ ಆಯಿತು. ಹಳ್ಳಿ ಸಾಲಿಯಲ್ಲಿ ಕಲಿತ ನಾನು ಹಡಗನ್ನು ಕಂಡದ್ದು ಪಾಠದ ಪುಸ್ತಕದ ಚಿತ್ರದಲ್ಲಿ.

ಆಮೇಲೆ ಪಲ್ಲವಿಯ ಫೋನ್ ಬಂತು.

“ಅಜ್ಜಿ, ನೀನೂ ಮುಧೋಳ ಅಜ್ಜಿನೂ ಒಂದs ಕ್ಯಾಬಿನ್. ಕಿಟಕಿ ಇಲ್ಲಂತ ಅದಕ್ಕ. ಭಾಳ ಮಜಾ ಅಲ್ಲ?”

ಮಜಾ. ಒಂಬತ್ತು ವರ್ಷದ ಹುಡುಗಿಗೆ ಬೀಗತನವೆಂದರೆ ಏನು ಗೊತ್ತು?

ನಮ್ಮ ಕಡೆ ಹೆಣ್ಣು ಕೊಟ್ಟವರು ಯಾವತ್ತೂ ಒಂದು ಮೆಟ್ಟಿಲು ಕೆಳಗೆ. ಬೀಗತಿ ಬಂದರೆ ಮೊದಲು ಕಾಲಿಗೆ ನೀರು, ಆಮೇಲೆ ಮಾತು. ಅವರು ಚಹಾ ಅರ್ಧ ಬಿಟ್ಟರೆ ನಮಗೆ ರಾತ್ರಿಯಿಡೀ ಚಿಂತೆ. ಸಕ್ಕರೆ ಹೆಚ್ಚಾಯಿತೇ? ಮಗಳ ಮೇಲೆ ಸಿಟ್ಟೇ? ಮದುವೆಯಾದಾಗಿನಿಂದ ನಾವಿಬ್ಬರೂ ಎಷ್ಟು ಸಲ ಭೇಟಿಯಾಗಿಲ್ಲ? ಪ್ರತಿ ಸಲವೂ ನಾನು “ಮಳಿ ಹೆಂಗದ್ರಿ ನಿಮ್ಮ ಕಡೆ?” ಎನ್ನುತ್ತೇನೆ. ಅವರು “ಬರಬೇಕ್ರಿ ಇನ್ನ” ಎನ್ನುತ್ತಾರೆ. ಮುಗಿಯಿತು. ಅಂಥವರ ಮಗ್ಗುಲಲ್ಲಿ ಮೂರು ರಾತ್ರಿ ಮಲಗುವುದೇ? ಕಿಟಕಿಯೂ ಇಲ್ಲದ ಕೋಣೆಯಲ್ಲಿ?

ಇನ್ನೂ ಒಂದು ಕಾರಣವಿತ್ತು. ಯಾರಿಗೂ ಹೇಳಿರಲಿಲ್ಲ.

ನನ್ನ ಯಜಮಾನರು ಹೋದಾಗಿನಿಂದ ನನಗೆ ದೀಪ ಆರಿಸಿದರೆ ನಿದ್ದೆ ಬರುವುದಿಲ್ಲ. ನನ್ನ ಕೋಣೆಯ ಬಲ್ಬು ಬೆಳಗಿನ ತನಕ ಉರಿಯುತ್ತದೆ. ಮಗ ಮಹೇಶ ಒಂದು ದಿನವೂ ಏಕೆ ಎಂದು ಕೇಳಿಲ್ಲ. (ಕೇಳದೆ ಇರುವುದೂ ಒಂದು ಪ್ರೀತಿ.) ಬೀಗತಿಯ ಮನೆಯಲ್ಲಿ ಮಾತ್ರ, ರೋಹನನ ಹೆಸರಿಡುವಾಗ ನೋಡಿದ್ದೇನೆ, ಮಲಗುವ ಮುಂಚೆ ಅವರೇ ಎದ್ದು ಪ್ರತಿ ಕೋಣೆಯ ದೀಪ ಆರಿಸಿ ಬರುತ್ತಾರೆ. ಅಂಥವರ ಮುಂದೆ, ಮೊಮ್ಮಕ್ಕಳನ್ನು ಕಂಡ ಹೆಂಗಸು, “ನನಗ ಕತ್ತಲಂದ್ರ ಆಗಂಗಿಲ್ರಿ” ಎಂದು ಹೇಗೆ ಹೇಳುವುದು?

ಹೋಗುವುದೇ ಬೇಡವೆಂದು ನಿಶ್ಚಯಿಸಿದೆ. ಆದರೆ ಬಾಯಿಬಿಟ್ಟು ಬೇಡವೆನ್ನುವ ಧೈರ್ಯ ನನಗೆಲ್ಲಿಯದು? ಅಳಿಯ ಎಷ್ಟು ಪ್ರೀತಿಯಿಂದ ಟಿಕೆಟ್ ತೆಗೆಸಿದ್ದಾರೆ. ನೆಪವೊಂದು ಬೇಕಿತ್ತು. ನೋಡಿದವರು ನಂಬುವಂಥದ್ದು.

ಆ ದಿನ ಬೆಳಿಗ್ಗೆ ಅವರೆಲ್ಲ ಬಂದಿಳಿದರು. ಬೀಗತಿಯ ಕಣ್ಣು ಕೆಂಪಗಾಗಿದ್ದವು. ಮಾತು ಕಡಿಮೆ. ಮಗಳೇನಾದರೂ ಅಂದಳೇ? ರೈಲಿನಲ್ಲಿ ಬುತ್ತಿ ಸರಿ ಇರಲಿಲ್ಲವೇ? ಅಡುಗೆಮನೆಯಲ್ಲಿ ಸುಮಾಳ ಮುಖ ನೋಡಿದೆ. ಅವಳು ಹಾಡುತ್ತ ಚಹಾ ಸೋಸುತ್ತಿದ್ದಳು.

ಉಪ್ಪಿಟ್ಟು ತಿನ್ನುತ್ತ ಮಹೇಶ ಪ್ಲ್ಯಾನ್ ಹೇಳಿದ. ಶನಿವಾರವಾಡಾ ಕೋಟೆ, ಅಲ್ಲಿಂದ ತುಳಶೀಬಾಗ ಪೇಟೆ, ಮಧ್ಯಾಹ್ನ ಹೊರಗೆ ಊಟ, ಮಕ್ಕಳಿಗೆ ಐಸ್‌ಕ್ರೀಮ್ ಹಾಕಿದ ಮಸ್ತಾನಿ. ಒಂದು ಹಗಲಿನಲ್ಲಿ ಪುಣೆಯನ್ನೇ ಹಿಂಡಿ ಕುಡಿಸುವ ಉತ್ಸಾಹ ಅವನಿಗೆ.

“ನಾ ಬೀಗತ್ಯಾರನ್ನ ಪರ್ವತಿಗೆ ಕರಕೊಂಡ ಹೋಗತೇನಿ,” ಎಂದೆ ನಾನು. “ಹತ್ತರ ಅದ. ದೇವರ ದರ್ಶನ ಆಗತದ.”

ಎಲ್ಲರ ಚಮಚ ನಿಂತಿತು. ಹದಿನೈದು ವರ್ಷ ಪುಣೆಯಲ್ಲಿದ್ದು ಒಂದು ದಿನವೂ ಅಲ್ಲಿಗೆ ಹೋಗೋಣ ಎಂದವಳಲ್ಲ ನಾನು.

“ಅವ್ವ, ಮೆಟ್ಟಿಲು ಭಾಳ ಅವ,” ಎಂದ ಮಹೇಶ. “ನಿನ್ನ ಮೊಣಕಾಲು?”

ಅದೇ ಬೇಕಾಗಿತ್ತು ನನಗೆ. ಎಲ್ಲರ ಎದುರಿಗೆ ಮೊಣಕಾಲಿನ ಮಾತು ಬಂತು. ಇನ್ನು ಮಧ್ಯಾಹ್ನ ಕುಂಟುತ್ತ ಬಂದರೆ ಸಾಕು.

ಆಶ್ಚರ್ಯವೆಂದರೆ ಬೀಗತಿ ಕೂಡಲೇ ತಟ್ಟೆ ಕೆಳಗಿಟ್ಟರು. “ನಡೀರಿ ಬೀಗತ್ಯಾರ. ನಾ ತಯಾರ ಅದೇನಿ,” ಎಂದರು.

ಗುಡ್ಡದ ಬುಡದಲ್ಲಿ ರಿಕ್ಷಾದಿಂದ ಇಳಿದೆವು. ಮೇಲೆ ನೋಡಿದರೆ ಮೆಟ್ಟಿಲು ಆಕಾಶದ ತನಕ. “ನಿಮಗ ಆಗತದಲ್ರಿ?” ಎಂದೆ. “ನನಗೇನ್ರಿ, ನಿಮಗ?” ಎಂದರು. ಅವರಿಗಾಗಿ ನಾನು, ನನಗಾಗಿ ಅವರು, ಹತ್ತತೊಡಗಿದೆವು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬರಿಗಿಂತ ಒಬ್ಬರು ಹಿಂದೆ ಬೀಳದಂತೆ. ದಿನಾ ಹತ್ತಿ ರೂಢಿಯಾದ ಒಬ್ಬ ಮುದುಕರು ಬಿಳಿ ಬೂಟು ಹಾಕಿಕೊಂಡು ನಮ್ಮನ್ನು ದಾಟುತ್ತ, “ಹಳೂ ಹಳೂ, ಆಜಿ,” ಎಂದು ಹೇಳಿ ಹೋದರು. ನಿಧಾನ ಎಂದು ಅವರ ಉಪದೇಶ. ನಿಧಾನವಾದರೆ ಮೊಣಕಾಲು ಹೇಗೆ ಹಿಡಿಯಬೇಕು?

ನಡುವಿಗೆ ಬಂದಾಗ ಸಾಕೆನಿಸಿತು. ಇದೇ ಜಾಗ ಎಂದು ಕುಸಿದು ಕುಳಿತೆ.

“ಅಯ್ಯ ಶಿವನೇ. ಮೊಣಕಾಲು ಹಿಡೀತ್ರಿ.”

ಮಗ್ಗುಲಲ್ಲಿ ಅವರೂ ಕುಸಿದರು. “ನಂದೂ ಹಿಡದೈತ್ರಿ.”

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ.

“ನೀವು ಹಡಗಿಗೆ ಹೋಗಿ ಬರ್ರಿ. ನಾ ಮನ್ಯಾಗ ಇರತೇನಿ,” ಎಂದೆ ಅವಸರದಲ್ಲಿ.

“ಛೇ, ಛೇ, ನೀವು ಹೋಗ್ರಿ. ನಾ ನಿಮ್ಮ ಮನಿ ಕಾಯ್ತೇನಿ.”

“ನನ್ನ ಮನಿ ನೀವು ಕಾಯೂದೇನ್ರಿ? ನೋಡಿದವರು ಏನಂದಾರು?”

“ಹಂಗಾರ ಇಬ್ಬರೂ ಉಳಿಯೂಣು.”

ಇಬ್ಬರೂ ಉಳಿದರೆ ಮತ್ತೆ ಒಂದೇ ಕೋಣೆ, ಮೂರು ರಾತ್ರಿ. ಅದೂ ಸಮುದ್ರವಿಲ್ಲದೆ.

ಬೀಗತಿ ನನ್ನ ಮುಖವನ್ನು ನೆಟ್ಟಗೆ ನೋಡಿದರು. “ಬೀಗತ್ಯಾರ, ಖರೇ ಹೇಳ್ರಿ. ನಿಮ್ಮ ಮೊಣಕಾಲು ನೋಯಾಕತ್ತೈತೇನು?”

ನನಗೆ ಎದುರಿಗೇ ಕೇಳಿದರೆ ಸುಳ್ಳು ಬರುವುದಿಲ್ಲ. “ಅಷ್ಟೇನಿಲ್ರಿ,” ಎಂದೆ.

“ನಂದೂ ಅಷ್ಟೇನಿಲ್ಲ.”

ಮೊದಲು ನನಗೆ ನಗು ಬರಲಿಲ್ಲ. ಅವಮಾನವಾಯಿತು. ನನ್ನ ಜೊತೆ ಮಲಗಲು ಇವರಿಗೆ ಇಷ್ಟವಿಲ್ಲ. ಅದಕ್ಕೇ ಬೆಳಿಗ್ಗೆಯಿಂದ ಬಿಗಿದ ಮುಖ, ಕೆಂಪು ಕಣ್ಣು. ಹಡಗು ಹಾಳಾಗಲಿ, ನನ್ನ ಮಗಳು ಇವರ ಮನೆಯಲ್ಲಿ ಬಾಳಬೇಕಲ್ಲ? ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅವರಿಗೆ ಅದು ತಿಳಿಯಿತು ಎಂದು ಕಾಣುತ್ತದೆ. ಸರಿದು ಹತ್ತಿರ ಕುಳಿತರು.

“ತಪ್ಪು ತಿಳೀಬ್ಯಾಡ್ರಿ. ನಾ ಗೊರಕಿ ಹೊಡೀತೇನಿ,” ಎಂದರು.

“ಗೊರಕಿ ಯಾರು ಹೊಡೆಯೂದಿಲ್ರಿ?”

“ಹಂಗಲ್ಲ. ನಮ್ಮ ಯಜಮಾನ್ರು ಮಳಿಗಾಲದಾಗೂ ಕಟ್ಟಿ ಮ್ಯಾಲೆ ಮಲಗತಾರ. ಹೋದ ಸಲ ತಂಗಿ ಮಗಳ ಮದಿವ್ಯಾಗ ಕಲ್ಯಾಣಮಂಟಪದ ಹಾಲಿನ್ಯಾಗ ಎಲ್ಲಾರೂ ಸಾಲಾಗಿ ಮಲಗಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರ ಹಾಲಿನ್ಯಾಗ ನಾ ಒಬ್ಬಾಕಿನs. ಎಲ್ಲಾರೂ ಚಾಪಿ ಹೊತ್ಕೊಂಡು ಹೊರಗ ಹೋಗ್ಯಾರ. ಮಗ್ಗಲದಾಗ ಮಲಗಿದವರು ಒಬ್ರೂ ಎಬ್ಬಿಸಿ ಹೇಳಲಿಲ್ಲ.”

ನಗುತ್ತಲೇ ಶುರು ಮಾಡಿದರು. ಕೊನೆಗೆ ನಗು ಇರಲಿಲ್ಲ. ಅಂದಿನಿಂದ ಅವರು ಬೇರೆಯವರ ಮನೆಯಲ್ಲಿ ರಾತ್ರಿ ಉಳಿದಿಲ್ಲವಂತೆ. ನಿನ್ನೆ ರೈಲಿನಲ್ಲಿ ಡಬ್ಬಿಯ ಜನರಿಗೆಲ್ಲ ತೊಂದರೆ ಎಂದು ರಾತ್ರಿಯಿಡೀ ಕುಳಿತೇ ಬಂದರಂತೆ. ಹಡಗಿನಲ್ಲೂ ಮೂರು ರಾತ್ರಿ ಹಾಗೇ ಕುಳಿತಿರುವುದು, ಇಲ್ಲವೇ ಪುಣೆಯಲ್ಲಿ ಕಾಲು ಮುರಿದುಕೊಂಡು ಊರಿಗೆ ಮರಳುವುದು, ಎರಡರಲ್ಲಿ ಒಂದು ಎಂದುಕೊಂಡು ಬಂದಿದ್ದರು.

ಇಷ್ಟು ದೊಡ್ಡ ಗುಟ್ಟನ್ನು ಅವರು ಬಿಚ್ಚಿಟ್ಟ ಮೇಲೆ ನಾನು ಬಲ್ಬಿನ ಮಾತು ಹೇಳದೆ ಇರುವುದು ಹೇಗೆ? ಹೇಳಿದೆ. ತಲೆ ತಗ್ಗಿಸಿಯೇ ಹೇಳಿದೆ.

“ಅಷ್ಟೇನಾ?” ಎಂದರು. “ಉರೀಲಿ ಬಿಡ್ರಿ. ನಾ ಕಣ್ಣಿಗೆ ಸೆರಗು ಕಟ್ಟಿಕೊಂತೇನಿ. ದೀಪ ಆರಿಸೂದು ನನ್ನ ಚಟ, ನಿದ್ದಿಗೂ ಅದಕ್ಕೂ ಸಂಬಂಧ ಇಲ್ಲ. ನನ್ನ ಗೊರಕಿಗೆ ಏನು ಕಟ್ಟತೀರಿ ಅದನ್ನ ಹೇಳ್ರಿ.”

ನಾನು ಕಿವಿ ಮುಟ್ಟಿ ನೋಡಿಕೊಂಡೆ.

“ಹೊತ್ತು ಐತಿ,” ಎಂದು ಅವರೇ ಎದ್ದರು. “ಮನಿಗೆ ನಡೀರಿ. ಒಂದ್ ಸಲ ಮಲಗಿ ನೋಡೂಣು. ನಿಮಗ ತಡಕೊಳ್ಳಾಕ ಆಗಲಿಲ್ಲಂದ್ರ ಸಂಜಿಗೆ ನನ್ನ ಮೊಣಕಾಲು ಮತ್ತ ಹಿಡೀತೈತಿ. ಯಾರಿಗೂ ಹೇಳೂದು ಬ್ಯಾಡ.”

ನಗರ ನೋಡಲು ಸಿಕ್ಕಿದ್ದು ಒಂದೇ ಹಗಲು. ಕೋಟೆ, ಪೇಟೆ, ಗುಡಿ ಎಲ್ಲ ಬಿಟ್ಟು ನನ್ನ ಬೀಗತಿ ನೋಡಬಯಸಿದ್ದು ನನ್ನ ಮಲಗುವ ಕೋಣೆಯನ್ನು. ನಿಂತಲ್ಲಿಂದಲೇ ಮೇಲಿನ ದೇವರಿಗೆ ಕೈಮುಗಿದು ಇಳಿದೆವು. ಕೆಳಗೆ ಹಸಿ ಕಡಲೆಗಿಡದ ಕಟ್ಟು ಕೊಂಡರು. ರಿಕ್ಷಾದಲ್ಲಿ ಸುಲಿದು ಸುಲಿದು ನನ್ನ ಅಂಗೈಗೆ ಹಾಕಿದರು. ಬೀಗತಿ ಸುಲಿಯುವುದು, ನಾನು ತಿನ್ನುವುದು. ನಮ್ಮ ಅವ್ವ ಇದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು.

ಮನೆಗೆ ಬಂದು ಕಿಟಕಿ ಮುಚ್ಚಿದೆವು. ಪರದೆ ಎಳೆದು, ಸಂದಿಗೆಲ್ಲ ಚಾದರ ಹೊದಿಸಿ, ಕೋಣೆಯನ್ನು ಕ್ಯಾಬಿನ್ ಮಾಡಿದೆವು. ಬಲ್ಬು ಹಾಕಿದೆ. ಅವರು ಕಣ್ಣಿಗೆ ಸೆರಗು ಬಿಗಿದು ಅಡ್ಡಾದರು. ರಾತ್ರಿಯಿಡೀ ಕುಳಿತು ಬಂದ ಜೀವ. ಗಳಿಗೆಯೂ ಹಿಡಿಯಲಿಲ್ಲ.

ಮಕ್ಕಳೇ, ನಿಮ್ಮ ಮುಧೋಳ ಅಜ್ಜಿ ನನಗೆ ಸುಳ್ಳು ಹೇಳಿರಲಿಲ್ಲ. ಮೊದಲು ದೂರದಲ್ಲಿ ಹಿಟ್ಟಿನ ಗಿರಣಿ ಶುರುವಾದಂತೆ. ಆಮೇಲೆ ಗಿರಣಿ ಮನೆಯೊಳಗೇ ಬಂದಂತೆ. ನಡುನಡುವೆ ಪಟ್ಟಿ ಹರಿದು ನಿಂತಂತೆ, ನಾನು ಉಸಿರು ಹಿಡಿದು ಕಾಯುವಂತೆ, ಮತ್ತೆ ಹೊಸ ಚೀಲ ಸುರಿದಂತೆ. ಗೋಡೆಯ ಕ್ಯಾಲೆಂಡರ್ ಅಲುಗಿತು ಎಂದರೆ ನೀವು ನಂಬಲಾರಿರಿ. ನನಗಂತೂ ಅಲುಗಿದಂತೆಯೇ ಕಂಡಿತು.

ಪಾಪ, ಸಂಜೆ ಇವರಿಗೆ ಏನೆಂದು ಹೇಳಲಿ ಎಂದು ಯೋಚಿಸುತ್ತ ಮಲಗಿದ್ದೆ. ಆಗ ನನ್ನ ಕೈ ತಾನಾಗಿ ಹೋಯಿತು. ಅವರ ಭುಜ ದೂಡಿ, “ಹೊಳ್ಳಿ ಮಲಗ್ರಿ,” ಎಂದೆ.

ಬೀಗತಿಯನ್ನು ದೂಡಿದ್ದೆ. ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ “ಹ್ಞೂಂ” ಎಂದು ನಿದ್ದೆಯಲ್ಲೇ ಆ ಮಗ್ಗುಲಾದರು. ಗಿರಣಿಯ ಸದ್ದು ಒಂದು ಪಾವು ಇಳಿಯಿತು.

ಹೊಳ್ಳಿ ಮಲಗ್ರಿ. ಈ ಮಾತನ್ನು ನಾನು ಎಷ್ಟು ವರ್ಷ, ಎಷ್ಟು ಬೇಸರದಿಂದ ನನ್ನ ಯಜಮಾನರಿಗೆ ಹೇಳಿದ್ದೆ. ಅವರೂ ಹೀಗೆಯೇ “ಹ್ಞೂಂ” ಎಂದು ಹೊರಳುತ್ತಿದ್ದರು. ಆಮೇಲೆ ಹೇಳಲು ಯಾರೂ ಇರಲಿಲ್ಲ. ಕೋಣೆ ಸದ್ದಿಲ್ಲದೆ ಬಿದ್ದುಕೊಂಡಿತು. ನಾನು ಬಲ್ಬು ಹಾಕತೊಡಗಿದೆ.

ಮುಂದೆ ಏನು ಯೋಚಿಸಿದೆನೋ ಗೊತ್ತಿಲ್ಲ. ನಿದ್ದೆ ಹೋಗಿದ್ದೆ.

ಬಾಗಿಲು ಬಡಿದದ್ದು ಕೇಳಿ ಎಚ್ಚರವಾಯಿತು. ಕಣ್ಣು ತೆರೆದರೂ ಏನೂ ಕಾಣಲಿಲ್ಲ. ಕೋಣೆ ಕಗ್ಗತ್ತಲು. ತಡವರಿಸಿ ಬಾಗಿಲು ತೆಗೆದರೆ ಸುಮಾ, ಅವಳ ಹಿಂದೆ ಮಹೇಶ, ಮಕ್ಕಳು, ಬಟ್ಟೆಯ ಚೀಲಗಳು.

“ಅವ್ವ, ಲೋಡ್‌ಶೆಡ್ಡಿಂಗ್ ಶುರುವಾಗಿ ಎರಡು ತಾಸ ಆತಂತ,” ಎಂದ ಮಹೇಶ. ಒಮ್ಮೆ ಆರಿದ ಬಲ್ಬು, ಒಮ್ಮೆ ನನ್ನ ಮುಖ ನೋಡಿದ. “ಕತ್ತಲ್ಯಾಗ ಮಲಗಿದ್ದೇನು ನೀನು?”

ಅವನಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಗೊತ್ತಾದದ್ದು ಆಗ.

ನನ್ನ ಹಿಂದೆ ಬೀಗತಿ ಸೆರಗು ಬಿಚ್ಚುತ್ತ ಎದ್ದು ಕುಳಿತರು. ಕಣ್ಣು ತಿಳಿಯಾಗಿದ್ದವು. ಮೊದಲು ನನ್ನ ಮುಖ ನೋಡಿದರು, ಪರೀಕ್ಷೆಯ ರಿಸಲ್ಟ್ ಕೇಳುವ ಹುಡುಗಿಯ ಹಾಗೆ.

“ಪುಣೆ ಏನೇನು ನೋಡಿದ್ರಿ, ಅತ್ತಿ?” ಎಂದು ಸುಮಾ ಕೇಳಿದಳು.

ಅತ್ತೆಯ ಪರವಾಗಿ ನಾನೇ ಬಾಯಿ ಹಾಕಿದೆ. “ಎಲ್ಲಾ ಆತು. ಗಾಡಿ ಎಷ್ಟಕ್ಕ ಬರತದ? ನಂದೂ ಶಾಂತಕ್ಕಂದೂ ಬ್ಯಾಗ್ ಒಂದs ಕಡೆ ಇಡ್ರಿ.”

ಶಾಂತಕ್ಕ. ಬೀಗತ್ಯಾರ ಅಲ್ಲ. ಸುಮಾಳ ಹುಬ್ಬು ಮೇಲೆ ಹೋದದ್ದು ಕತ್ತಲಲ್ಲೂ ಕಂಡಿತು. ಶಾಂತಕ್ಕ ಎದ್ದು ನಿಂತು, ಎರಡೂ ಮೊಣಕಾಲು ನೆಟ್ಟಗಿವೆ ಎಂದು ತೋರಿಸುವಂತೆ ದಡದಡ ನಡೆದು ಅಡುಗೆಮನೆಗೆ ಹೋಗಿ ತಾವೇ ಚಹಾಕ್ಕೆ ಇಟ್ಟರು. ನಾನು ಬೇಡ ಎನ್ನಲಿಲ್ಲ.

ಮದುವೆಯ ಮಾತುಕತೆಯಲ್ಲಿ ನಾವು ಏನೆಲ್ಲ ಕೇಳುತ್ತೇವೆ. ಮನೆತನ, ಹೊಲ, ನೌಕರಿ, ಸೀರೆ ಎಷ್ಟು, ಊಟಕ್ಕೆ ಜನ ಎಷ್ಟು. ಆ ಮನೆಯ ಹೆಂಗಸು ರಾತ್ರಿ ಹೇಗೆ ಮಲಗುತ್ತಾಳೆ, ಯಾವುದಕ್ಕೆ ಅಂಜುತ್ತಾಳೆ ಎಂದು ಯಾರು ಕೇಳುತ್ತೇವೆ?

ಕ್ರೂಸ್ ಮುಗಿಸಿ ಬಂದಾಗಿನಿಂದ ಓಣಿಯ ಗೆಳತಿಯರದು ಒಂದೇ ಪ್ರಶ್ನೆ. ರಾತ್ರಿ ಸಮುದ್ರದ ಸದ್ದು ಹೇಗಿರುತ್ತದೆ?

ಶಾಂತಕ್ಕ ಮಗ್ಗುಲಲ್ಲಿ ಮಲಗಿದ್ದರೆ ಸಮುದ್ರದ ಸದ್ದು ಯಾರಿಗೆ ಕೇಳಿಸುತ್ತದೆ, ಹೇಳಿ?