ಹೊರಕೋಣೆಯ ನಿಯಮ

ಬಾಹ್ಯಾಕಾಶದ ಕಥೆಗಳನ್ನು ಸುತ್ತ ಕೂತು ಆಡುವ ಹುಚ್ಚು ನನಗೆ ಕಾಲೇಜಿನಲ್ಲೇ ಹತ್ತಿತ್ತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಕಷ್ಟ ಬಂದಾಗ ದಾಳ ಉರುಳಿಸುತ್ತಾರೆ, ಅಷ್ಟೇ. ಈಗ ಶಿರಾದಲ್ಲಿ ವಿಜ್ಞಾನದ ಟೀಚರಾಗಿದ್ದೇನೆ, ಹುಚ್ಚು ಬಿಟ್ಟಿಲ್ಲ. ಇಂಥ ಆಟಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸುವ ಗೆಳತಿಯೊಬ್ಬಳು, ಮೂಲ ಆಟಕ್ಕೆ ಹೊಸ ಗ್ರಹ, ಹೊಸ ನಿಯಮ ಸೇರಿಸುವ ಪೂರಕ ಪುಸ್ತಕದ ಕರಡು ಕಳಿಸಿದ್ದಳು. "ಆಡಿ ನೋಡು. ನಿಜವಾಗ್ಲೂ ಭಯ ಆಗುತ್ತಾ, ಅಷ್ಟು ಹೇಳು ಸಾಕು" ಅಂದಿದ್ದಳು. ಭಯ ಹುಡುಕಿಕೊಂಡು ಬೇರೆ ಗ್ರಹಕ್ಕೆ ಹೋಗಬೇಕಾ ಎಂದು ನಕ್ಕಿದ್ದೆ.

ದಸರಾ ರಜೆಗೆ ಅದನ್ನು ಚೀಲಕ್ಕೆ ತುರುಕಿಕೊಂಡು ವೈ.ಎನ್. ಹೊಸಕೋಟೆ ಹತ್ತಿರದ ನಮ್ಮ ಹಟ್ಟಿಗೆ ಹೋದೆ. ತಮ್ಮ ಮತ್ತು ಅವನ ಹೆಂಡತಿ ನನ್ನ ಖಾಯಂ ಆಟಗಾರರು. ಆ ಹುಡುಗಿಗೆ ತಿಂಗಳು ತುಂಬುತ್ತಾ ಬಂದಿತ್ತು. ತವರಿನಲ್ಲಿ ತಾಯಿಯಿಲ್ಲ, ಬಾಣಂತನ ನಮ್ಮಲ್ಲೇ. ಬಸ್ಸಿಳಿದು ನಡೆದು ಬರುವಾಗಲೇ ಹಟ್ಟಿಯಾಚೆ ಹುಣಸೆ ಮರದ ಹತ್ತಿರ ಹೊಸದಾಗಿ ನೆಟ್ಟ ಗೂಟಗಳು, ಪಕ್ಕದಲ್ಲಿ ಮಡಿಸಿಟ್ಟ ನೀಲಿ ಟಾರ್ಪಾಲು ಕಂಡವು. ಬಾಣಂತಿಯ ಗುಡಿಸಲಿಗೆಂದು ನೋಡಿದೊಡನೆ ಗೊತ್ತಾಯಿತು. ಹೆರಿಗೆ ಆಸ್ಪತ್ರೆಯಲ್ಲೇ ಆದರೂ, ಬಾಣಂತಿ ಕೂಸನ್ನೆತ್ತಿಕೊಂಡು ಬಂದರೆ ನಮ್ಮ ಹಟ್ಟಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಸೂತಕ ಕಳೆಯುವವರೆಗೆ ಹೊರಗಿನ ಗುಡಿಸಲಲ್ಲೇ ಇರಬೇಕು. ನನ್ನ ಅಕ್ಕನ ಚೊಚ್ಚಲ ಕೂಸು ಅಂಥದ್ದೇ ಗುಡಿಸಲಲ್ಲಿ ಶೀತ ಹಿಡಿದು ಹೋಯಿತು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

"ಮತ್ತೆ ಗುಡ್ಲು ಯಾಕ್ಲಾ?" ಅಂದೆ ತಮ್ಮನಿಗೆ.

"ಹಟ್ಟಿಯೋರು ಸುಮ್ಕಿರ್ತಾರೇನಕ್ಕಾ? ದ್ಯಾವ್ರು ಮುನುಸ್ಕಂಡು ಕುರಿಗಿರಿಗೆ ಏನಾರ ಆದ್ರೆ ನನ್ ತಲೆಮ್ಯಾಲೇ ಬತ್ತೈತೆ."

ನನ್ನ ಬಾಯಿ ಜೋರು ಅಂತ ಹಟ್ಟಿಗೆಲ್ಲ ಗೊತ್ತು. ಆದರೆ ಅವನ ದನಿಯಲ್ಲಿದ್ದದ್ದೂ ಭಯವೇ, ಬೈಯದೆ ಚೀಲ ಎತ್ತಿಕೊಂಡು ಒಳಗೆ ಹೋದೆ.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಆಟ ಶುರುಮಾಡಿದೆವು. ಅವ್ವ ಬಾಗಿಲ ಬಳಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ತಮ್ಮ ಹಡಗಿನ ಕ್ಯಾಪ್ಟನ್, ಹುಡುಗಿ ಪೈಲಟ್. ಗುರುತಿಲ್ಲದ ಗ್ರಹದಲ್ಲಿ ಸಿಕ್ಕಿಬಿದ್ದವರನ್ನೆಲ್ಲ ಉಳಿಸಿ ಎಲ್ಲರಿಗಿಂತ ಕೊನೆಗೆ ಹಿಂದಿರುಗಿದವಳು ಅವಳೇ. ಮುಂದಿನ ಪುಟದಲ್ಲಿ ಹೊಸ ನಿಯಮವಿತ್ತು. ಕೊನೆಗೆ ಮರಳಿದವರು ಸೋಂಕಿನ ಭಯಕ್ಕೆ ಹಡಗಿನ ಹೊರಕೋಣೆಯಲ್ಲಿ ಒಂಟಿಯಾಗಿರಬೇಕು. ಅವರ ಕೈಗೆ ದಾಳ ಕೊಡಬಾರದು. ಮಾತಾಡುವ ಹಾಗಿಲ್ಲ, ತಟ್ಟಬಹುದು ಅಷ್ಟೇ. ಸುತ್ತು ಕಳೆದಂತೆ ಚಳಿ ಏರುತ್ತದೆ. ಬಾಗಿಲು ತೆಗೆಯುವುದು ಬಿಡುವುದು ಕ್ಯಾಪ್ಟನ್ ಇಷ್ಟ, ತೆಗೆದರೆ ಸೋಂಕು ಒಳಗೆ ಬರುತ್ತದೋ ಇಲ್ಲವೋ ದಾಳ ಹೇಳುತ್ತದೆ. ಇದ್ದದ್ದನ್ನು ಇದ್ದಂತೆ ಓದಿ ಹೇಳಿದೆ.

"ಅಲ್ಲಿ ಜತೆಗ್ಯಾರವ್ರೆ ಅತ್ತಿಗೆ?" ಅಂದಳು ಹುಡುಗಿ.

"ಯಾರೂ ಇಲ್ಲ ಕಣಮ್ಮ."

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಆಮೇಲೆ ನಿಯಮದ ಪ್ರಕಾರ ಬಾಯಿ ಮುಚ್ಚಿದಳು.

"ಬೆಂಕಿ ಗಿಂಕಿ ಏನಾರ ಐತಾ ಅಲ್ಲಿ?" ಎಂದು ಅವ್ವ ಕೇಳಿದಳು. ಇಲ್ಲ ಎಂದೆ. ಕಾಯಿ ಸುಲಿಯುವ ಸದ್ದು ನಿಂತಿತು.

ಹುಡುಗಿ ಬೆರಳ ಗೆಣ್ಣಿನಿಂದ ನೆಲ ತಟ್ಟಿದಳು. ತಮ್ಮ ನಕ್ಕು, "ತಡಿಯೇ, ಯೋಚ್ನೆ ಮಾಡಾನ" ಅಂದ. ಚಳಿ ಏರಿಸಿದೆ. ಮತ್ತೆ ತಟ್ಟಿದಳು. ಅವನೀಗ ನಗಲಿಲ್ಲ. "ಒಳಗಿರೋ ಜನದ ಗತಿ? ರೂಲ್ಸು ಅಂದ್ಮೇಲೆ ರೂಲ್ಸು ಕಣಕ್ಕಾ." ತೆಗೆಯೋ ಮುಂಡೇದೇ ಎಂದು ಕಿರುಚಬೇಕೆನಿಸಿತು, ಆದರೆ ಕಥೆ ನಡೆಸುವವರು ಯಾರ ಪರವಾಗಿಯೂ ಬಾಯಿ ಹಾಕಬಾರದು. ಅವಳು ತಟ್ಟುತ್ತಲೇ ಇದ್ದಳು. ಅವನು ದಾಳವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನೆಲ ನೋಡುತ್ತಾ ಕೂತಿದ್ದ, ಉರುಳಿಸಲಿಲ್ಲ. ಚಳಿ ಮಿತಿ ಮುಟ್ಟಿತೆಂದು ಹೇಳಿದೆ. ಅವಳು ತಟ್ಟುವುದನ್ನು ನಿಲ್ಲಿಸಿದಳು.

"ಸತ್ತೋದ್ಲಾ?" ಅಂದಳು ಅವ್ವ ಮೆಲ್ಲಗೆ. ಹೂಂ ಅಂದೆ.

"ಅಯ್ಯೋ, ಆಟ ಕಣೇ ಇದು. ಮಕ ಯಾಕಿಂಗ್ ಮಾಡ್ಕಂಡಿದೀಯ?" ತಮ್ಮ ನಗಲು ನೋಡಿದ. "ನಿಜವಾಗ್ಲೂ ಆಗಿದ್ರೆ ತೆಗಿದೇ ಇರ್ತಿದ್ನಾ?"

ಅವಳು ಅವನ ಮುಖವನ್ನೇ ನೋಡಿದಳು. "ಆಟದಾಗೇ ಬಾಗ್ಲು ತೆಗಿಯಕ್ಕಾಗ್ಲಿಲ್ಲ ನಿನ್ ಕೈಲಿ" ಅಂದಳು.

ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಶಿರಾ ಬಸ್ಸು ಎಷ್ಟೊತ್ತಿಗೆ ಎಂದು ನನ್ನನ್ನು ಕೇಳಿದಳು. ಅವ್ವ ಮಗನ ಕಡೆ ತಿರುಗಿಯೂ ನೋಡದೆ ಒಳಗಿಂದ ಕಂಬಳಿ ತಂದು ಅವಳ ಚೀಲಕ್ಕೆ ತುರುಕಿದಳು.

ಅವಳನ್ನು ಕರೆದುಕೊಂಡು ಅಂದೇ ಶಿರಾ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹಿಂದಿನಿಂದ ಬೈಕಿನ ಸದ್ದು ಬಂದಾಗಲೆಲ್ಲ ಇಬ್ಬರೂ ಬೆಚ್ಚಿ ತಿರುಗಿ ನೋಡುತ್ತಿದ್ದೆವು. ತಮ್ಮನಿರಬಹುದು, ಹಟ್ಟಿಯವರಿರಬಹುದು. ಅವಳು ನನ್ನ ಕೈ ಬಿಟ್ಟಿರಲಿಲ್ಲ. ಪಾವಗಡ ದಾಟಿದ ಮೇಲೆ, ಇನ್ನೊಂದು ಕೈಯಲ್ಲಿ ಗೆಳತಿಗೆ ಮೆಸೇಜು ಹಾಕಿದೆ. ಭಯ ಆಗುತ್ತೆ ಕಣೇ, ಒಂದಕ್ಷರವನ್ನೂ ಬದಲಾಯಿಸಬೇಡ, ಹಾಗೇ ಅಚ್ಚು ಹಾಕಿಸು.