ಎರಡು ಕೀಬೋರ್ಡುಗಳ ಅಕ್ಕ

ಅಕ್ಕನ ಬಲ ತೋರುಬೆರಳಿನ ತುದಿ ಕೀಲಿಗಳನ್ನು ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಮಧುಗಿರಿಯಲ್ಲಿ ಅವರು ನಡೆಸುತ್ತಿದ್ದ ಡಿಟಿಪಿ ಅಂಗಡಿಯ ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ ಇದ್ದುದರಿಂದ, ಅವರ ಬಗ್ಗೆ ನನಗೆ ತಿಳಿದಿರುವಷ್ಟನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ತಪ್ಪಿದ್ದಲ್ಲಿ ಮನ್ನಿಸಬೇಕು.

ಅವರ ಮೇಜಿನ ಮೇಲೆ ತಂತಿಯ ಎರಡು ಕೀಬೋರ್ಡುಗಳಿದ್ದವು. ಕುಂಕುಮವಿಟ್ಟ ಬಿಳಿಯದು ಲಗ್ನಪತ್ರಿಕೆಗೆ, ಕರಿಯದು ತಿಥಿ ಕಾರ್ಡಿಗೆ. ಎರಡನ್ನೂ ಒಟ್ಟಿಗೆ ಜೋಡಿಸಿದರೂ ಕಂಪ್ಯೂಟರ್ ತಕರಾರು ಮಾಡುತ್ತಿರಲಿಲ್ಲ. ಆದರೆ ಕರಿಯದರ ಯುಎಸ್‌ಬಿ ತಂತಿ ಕಿತ್ತದ್ದನ್ನು ಮದುವೆಯವರು ಕಣ್ಣಾರೆ ಕಾಣಬೇಕಿತ್ತು. ಅವರು ಹೋದ ಮೇಲೆ ಅಕ್ಕ ನಗುತ್ತಿದ್ದರು.

“ಇದ್ರಾಗೆ ಬ್ಯಾಟ್ರಿ ಇಲ್ಲ, ಏನಿಲ್ಲ ಕಣಮ್ಮ. ಒತ್ತಿದ್ದೆಲ್ಲ ತಂತೀಲಿ ಅತ್ಲಾಗೆ ಹೋಗ್ಬುಡ್ತದೆ. ಯಾರ ಸಾವ್ನೂ ಇದು ಇಟ್ಕಳಲ್ಲ.”

ಅವರ ಯಜಮಾನರು ತೀರಿಕೊಂಡ ಕೆಲವೇ ದಿನಗಳಲ್ಲಿ ತೋವಿನಕೆರೆಯ ಹಿರಿಯರೊಬ್ಬರು ಮೊಮ್ಮಗಳ ಲಗ್ನಪತ್ರಿಕೆಗೆಂದು ಬಂದರು. ಅವರ ಮನೆಯ ಪತ್ರಿಕೆಗಳೆಲ್ಲ ಅಕ್ಕನ ಕೈಯಲ್ಲೇ ಆಗಿದ್ದವು. ಅಕ್ಕ ಎಂದಿನಂತೆ ಕರಿಯದನ್ನು ಕಿತ್ತು ಬಿಳಿಯದನ್ನು ಜೋಡಿಸಿದರು. ಹಿರಿಯರು ಕೂರಲಿಲ್ಲ.

“ಕೀಬೋರ್ಡೇನೋ ಬದ್ಲಾಯಿಸ್ದೆ ಕಣಮ್ಮ. ಕೈ ಹೆಂಗೆ ಬದ್ಲಾಯಿಸ್ತೀಯ?”

ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ನನ್ನನ್ನು ಕೂಗಿದರು. “ಬಾರಮ್ಮ, ಇಲ್ಲಿ ಕೂತ್ಕ. ನಾನ್ ಹೇಳ್ತೀನಿ, ನೀನ್ ಒತ್ತು.”

ಅಂದಿನಿಂದ ಲಗ್ನಪತ್ರಿಕೆಗಳೆಲ್ಲ ನನ್ನ ಪಾಲಿಗೆ ಬಂದವು. ಕನ್ನಡ ಟೈಪಿಂಗ್ ನಾನು ಕಲಿತದ್ದು ಹೀಗೆ. ಒಂದು ಒತ್ತಕ್ಷರಕ್ಕಾಗಿ ನಾನು ಪರದಾಡುವಾಗಲೂ ಅವರು ಸದರಿ ಬಿಳಿ ಕೀಬೋರ್ಡಿಗೆ ಬೆರಳು ತಾಗಿಸಲಿಲ್ಲ, ದೂರದಿಂದಲೇ ತೋರಿಸುತ್ತಿದ್ದರು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಕೇಳಿದೆ:

“ನೀವೇ ಒತ್ತಿ ಅಕ್ಕ, ನೋಡೋರ್ಯಾರು? ಇದು ಏನೂ ಇಟ್ಕಳಲ್ಲ ಅಂತಿದ್ರಲ್ಲ?”

ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ಅದು ಇಟ್ಕಳಲ್ಲ. ನಾನ್ ಇಟ್ಕಂಡಿದ್ರೆ? ಆ ಮದ್ವೆ ಹುಡ್ಗೀಗೆ ಏನಾರ ಆದ್ರೆ?”

ಅವರು ಮತ್ತೆ ನಕ್ಕದ್ದನ್ನು ನಾನು ಕಾಣಲಿಲ್ಲ.

ಕಳೆದ ಬೇಸಿಗೆಯಲ್ಲಿ ಜ್ವರವೆಂದು ಮಲಗಿದ ಅಕ್ಕ ಏಳಲಿಲ್ಲ. ಶಿವಗಣಾರಾಧನೆಯ ತಿಥಿ ಕಾರ್ಡಿಗಾಗಿ ಅವರ ತಮ್ಮ ಬಂದು ನಿಂತಾಗ, ನಾನು ಕರಿಯದನ್ನು ಕಿತ್ತು ಬಿಳಿಯದನ್ನು ಜೋಡಿಸಿದೆ.

“ಅದು ಮದ್ವೇದಲ್ವೇನಮ್ಮ?”

“ಹೌದಣ್ಣ.”

ಅಕ್ಕನ ಹೆಸರಿನ ಒಂದೊಂದು ಅಕ್ಷರವನ್ನೂ ಅದರಲ್ಲೇ ಒತ್ತಿದೆ.

ಅವರ ತಮ್ಮ ಹೊರಟ ಬೆನ್ನಿಗೇ ಶಿರಾದ ಮದುವೆಯವರು ಬಂದರು. ಕುಂಕುಮವಿದ್ದ ಬಿಳಿಯದನ್ನು ಕಂಡು ಸಮಾಧಾನದಿಂದ ಕುಳಿತು ವಧುವಿನ ಹೆಸರು ಹೇಳಿದರು. ನಾನು ತಂತಿ ಕೀಳಲಿಲ್ಲ.